ಎಂಜಿನ್ ಸ್ಟಾರ್ಟ್ ಆದೊಡನೆ ಜಿಪಿಎಸ್ ಮಾಯ: ಬೋಟಿನ ಎಲೆಕ್ಟ್ರಾನಿಕ್ಸ್ ವೈರಿಂಗ್

ಪ್ರಶ್ನೆ: ನಮ್ಮದು ಮಲ್ಪೆಯ ಟ್ರಾಲ್ ಬೋಟು. 12 ವೋಲ್ಟಿನ ಎರಡು ಬ್ಯಾಟರಿ ಸೇರಿಸಿ 24 ವೋಲ್ಟ್ ಮಾಡಿದೆ. ಪ್ಲಾಟರ್ (ಕಡಲ ನಕ್ಷೆ ತೋರಿಸುವ ಸ್ಕ್ರೀನ್), ಎಐಎಸ್ (ಸುತ್ತಲಿನ ಹಡಗುಗಳ ಗುರುತು ಕೊಡುವ ಸಾಧನ), ವಿಎಚ್‌ಎಫ್ ರೇಡಿಯೋ, ದಿಕ್ಕಿನ ಸೆನ್ಸರ್, ಮಾಸ್ಟ್ (ಕಂಬ) ಮೇಲೆ ಜಿಪಿಎಸ್ ಆಂಟೆನಾ ಎಲ್ಲವನ್ನೂ ಎನ್‌ಎಂಇಎ 2000 (ಬೋಟಿನ ಸಾಧನಗಳು ಪರಸ್ಪರ ಮಾಹಿತಿ ಹಂಚುವ ನೆಟ್‌ವರ್ಕ್) ಕೇಬಲ್‌ನಲ್ಲಿ ಜೋಡಿಸಿದ್ದಾರೆ. ನೆಟ್‌ವರ್ಕ್‌ಗೆ 12 ವೋಲ್ಟನ್ನು ಒಂದು ಬ್ಯಾಟರಿಯಿಂದ ಎಳೆದಿದ್ದಾರೆ. ಎಂಜಿನ್ ಸ್ಟಾರ್ಟ್ ಮಾಡಿದಾಗೆಲ್ಲ ಜಿಪಿಎಸ್ ಹೋಗಿ, ಸ್ವಲ್ಪ ಹೊತ್ತಿನ ಮೇಲೆ ಬರುತ್ತದೆ. ಕಡಲಿನಲ್ಲೂ ಆಗಾಗ ಎಲ್ಲ ಸಾಧನಗಳು ಪ್ಲಾಟರ್‌ನ ಪಟ್ಟಿಯಿಂದ ಕಾಣೆಯಾಗುತ್ತವೆ. ಪ್ಲಾಟರ್ ಬದಲಿಸಬೇಕೇ?

ಉತ್ತರ: ಬೇಡ, ಪ್ಲಾಟರ್ ಸರಿಯಾಗಿಯೇ ಇರುವ ಸಾಧ್ಯತೆ ಹೆಚ್ಚು. ನೀವು ಹೇಳಿದ್ದು ಎರಡು ಬೇರೆ ಬೇರೆ ದೋಷ. ಒಂದು ಕರೆಂಟಿನದ್ದು, ಇನ್ನೊಂದು ಕೇಬಲ್ ಎಳೆದ ರೀತಿಯದ್ದು.

ಮೊದಲು ಕರೆಂಟ್. ಈ ನೆಟ್‌ವರ್ಕಿನ ಸಾಧನಗಳಿಗೆ ಕನಿಷ್ಠ 9 ವೋಲ್ಟ್ ಬೇಕು. ಸ್ಟಾರ್ಟರ್ ತಿರುಗುವಾಗ ನೂರಾರು ಆಂಪ್ ಎಳೆಯುತ್ತದೆ, ಪ್ರತಿ ಬ್ಯಾಟರಿಯ ವೋಲ್ಟೇಜೂ ಆ ಕ್ಷಣ ಕುಸಿಯುತ್ತದೆ. ಬ್ಯಾಟರಿ ಸ್ವಲ್ಪ ಹಳತಾಗಿದ್ದರೆ 9ರ ಕೆಳಗೆ ಇಳಿಯುವುದು ಸುಲಭ. ಜಿಪಿಎಸ್ ಆಫ್ ಆಗಿ ಮತ್ತೆ ಮೊದಲಿನಿಂದ ಸ್ಯಾಟಲೈಟ್ ಹುಡುಕುತ್ತದೆ. ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆಯುವುದರಲ್ಲಿ ಇನ್ನೂ ಒಂದು ಕೆಡುಕಿದೆ: ಆ ಬ್ಯಾಟರಿ ಮಾತ್ರ ಹೆಚ್ಚು ಖಾಲಿಯಾಗುತ್ತದೆ, ಆದರೆ ಆಲ್ಟರ್ನೇಟರ್ ಎರಡನ್ನೂ ಒಂದೇ ಎಂದು ತಿಳಿದು ಚಾರ್ಜ್ ಮಾಡುತ್ತದೆ. ಒಂದು ಸದಾ ಅರೆಹೊಟ್ಟೆ, ಇನ್ನೊಂದಕ್ಕೆ ಅಜೀರ್ಣ. ಎರಡನೆಯದರ ನೀರು ಬೇಗ ಆರುತ್ತದೆ. ಹೊಸ ಜೋಡಿ ಹಾಕಿದರೂ ಅದೇ ಕಥೆ.

9ರಿಂದ 36 ವೋಲ್ಟ್ ಇನ್‌ಪುಟ್ ತಡೆದುಕೊಳ್ಳುವ, 12 ವೋಲ್ಟ್ 5 ಆಂಪ್ ಕೊಡುವ ಐಸೊಲೇಟೆಡ್ (ಇನ್‌ಪುಟ್, ಔಟ್‌ಪುಟ್ ನೇರ ಸೇರದ) ಡಿಸಿ-ಡಿಸಿ ಕನ್ವರ್ಟರ್ ಹಾಕಿಸಿ, ಅದಕ್ಕೆ ಪೂರ್ತಿ 24 ವೋಲ್ಟ್ ಕೊಡಿ. ಕೆಲವು ಅಗ್ಗದ ಕನ್ವರ್ಟರ್‌ಗಳು ಇನ್‌ಪುಟ್ 18–20 ವೋಲ್ಟ್‌ಗೆ ಇಳಿದೊಡನೆ ಬಂದ್ ಆಗುತ್ತವೆ. ಅಂಥದ್ದು ತಂದರೆ ನಿಮ್ಮ ತೊಂದರೆ ಹಾಗೇ ಉಳಿಯುತ್ತದೆ, ಕೊಳ್ಳುವ ಮುಂಚೆ ಲೇಬಲ್ ಓದಿ. ಕನ್ವರ್ಟರ್‌ನಿಂದ ನೆಟ್‌ವರ್ಕ್‌ಗೆ ಹೋಗುವ ಲೈನಿಗೆ 3 ಆಂಪ್ ಫ್ಯೂಸ್. ಸಣ್ಣ ಮೈಕ್ರೋ ಕೇಬಲ್ ಅದಕ್ಕಿಂತ ಹೆಚ್ಚು ಹೊರಲಾರದು. ಪ್ಲಾಟರ್ ಮತ್ತು ವಿಎಚ್‌ಎಫ್‌ಗೆ ಅವುಗಳದ್ದೇ ಪವರ್ ವೈರ್ ಇರುತ್ತದೆ, ಅದನ್ನು ಈ ಕೇಬಲ್‌ಗೆ ತಗುಲಿಸಬಾರದು.

ಪವರ್ ಒಂದೇ ಕಡೆ ಕೊಡಬೇಕು, ಸಾಧ್ಯವಾದರೆ ಬ್ಯಾಕ್‌ಬೋನಿನ (ನೆಟ್‌ವರ್ಕಿನ ಮುಖ್ಯ ಕೇಬಲ್‌ನ) ನಡುವೆ. ಲೆಕ್ಕ ನೋಡಿ. ಪ್ರತಿ ಸಾಧನದ ಮೇಲೆ ಎಲ್‌ಇಎನ್ ಸಂಖ್ಯೆ ಬರೆದಿರುತ್ತದೆ; 1 ಎಲ್‌ಇಎನ್ ಎಂದರೆ 50 ಮಿಲಿಆಂಪ್. ನಿಮ್ಮಲ್ಲಿ ಒಟ್ಟು 10 ಇದ್ದು ಬ್ಯಾಕ್‌ಬೋನ್ 14 ಮೀಟರ್ ಎಂದುಕೊಳ್ಳೋಣ. ಮೈಕ್ರೋ ಕೇಬಲ್‌ಗೆ 0.1 (0.05 ಆಂಪ್, ಹೋಗಿ ಬರುವ ಎರಡು ವೈರ್) × 10 ಎಲ್‌ಇಎನ್ × 14 ಮೀಟರ್ × 0.057 (ಮೀಟರಿಗೆ ಓಮ್), ಅಂದರೆ ತುದಿಯಿಂದ ಪವರ್ ಕೊಟ್ಟರೆ ಸುಮಾರು 0.8 ವೋಲ್ಟ್ ನಷ್ಟ. ನಡುವೆ ಕೊಟ್ಟು ಎರಡೂ ಕಡೆ 5 ಎಲ್‌ಇಎನ್, 7 ಮೀಟರ್ ಹಂಚಿದರೆ 0.2 ಮಾತ್ರ. 1.5 ದಾಟದಿದ್ದರೆ ಸಾಕು. ಆದರೂ ಉಪ್ಪು ಹಿಡಿದ ಕನೆಕ್ಟರ್ ತಿನ್ನುವ ವೋಲ್ಟ್ ಈ ಲೆಕ್ಕದಲ್ಲಿ ಬರುವುದಿಲ್ಲ, ಅದಕ್ಕೆ ಜಾಗ ಬಿಡಿ.

ಈಗ ಎರಡನೆಯ ದೋಷ. ಬ್ಯಾಕ್‌ಬೋನ್ ಎಂದರೆ ಒಂದೇ ನೇರ ಕೇಬಲ್, ಅದರ ಎರಡೂ ತುದಿಗೆ 120 ಓಮ್ ಟರ್ಮಿನೇಟರ್ (ಸಿಗ್ನಲ್ ಹಿಂದಿರುಗದಂತೆ ತಡೆಯುವ ರೆಸಿಸ್ಟರ್). ನಡುವೆ ಟಿ ಕನೆಕ್ಟರ್‌ಗಳು, ಪ್ರತಿ ಟಿಯಿಂದ ಸಾಧನಕ್ಕೆ ಹೆಚ್ಚೆಂದರೆ 6 ಮೀಟರ್‌ನ ಡ್ರಾಪ್ ಕೇಬಲ್. ಎಲ್ಲ ಡ್ರಾಪ್ ಸೇರಿ 78 ಮೀಟರ್ ದಾಟಬಾರದು. ಬಹಳ ಬೋಟುಗಳಲ್ಲಿ ಆಗುವುದು ಇಷ್ಟೇ: ಕ್ಯಾಬಿನ್ ಒಳಗೆ ನಾಲ್ಕೈದು ಟಿ ಜೋಡಿಸಿ, ಮಾಸ್ಟ್ ಮೇಲಿನ ಆಂಟೆನಾಕ್ಕೆ ಹತ್ತು ಮೀಟರ್ ಡ್ರಾಪ್ ಎಳೆದುಬಿಡುತ್ತಾರೆ. ಸಿಗ್ನಲ್ ಆ ಉದ್ದದ ತುದಿಗೆ ತಾಗಿ ಹಿಂದಿರುಗಿ, ಅದೇ ಸಂದೇಶದ ಮೇಲೆ ಬಿದ್ದು ಅದನ್ನು ಕೆಡಿಸುತ್ತದೆ. ದಡದಲ್ಲಿ ಎಲ್ಲ ಸರಿ, ಕಡಲಲ್ಲಿ ಕೇಬಲ್‌ನಲ್ಲಿ ಸಂದೇಶಗಳ ಟ್ರಾಫಿಕ್ ಹೆಚ್ಚಾದಾಗ ಕೈಕೊಡುತ್ತದೆ. ಇದಕ್ಕೆ ಪರಿಹಾರ, ಬ್ಯಾಕ್‌ಬೋನನ್ನೇ ಮಾಸ್ಟ್ ಮೇಲಿನವರೆಗೆ ಒಯ್ದು, ಅಲ್ಲಿಯ ಟಿಗೆ ಟರ್ಮಿನೇಟರ್ ಹಾಕುವುದು. ಕೆಲವು ಮಾಸ್ಟ್ ಸೆನ್ಸರ್‌ಗಳ ಒಳಗೇ ಟರ್ಮಿನೇಟರ್ ಇರುತ್ತದೆ, ಅದರ ಪುಸ್ತಕ ನೋಡಿಯೇ ಇನ್ನೊಂದು ಹಾಕಿ.

ಪರೀಕ್ಷೆಗೆ ಮಲ್ಟಿಮೀಟರ್ ಒಂದೇ ಸಾಕು. ನೆಟ್‌ವರ್ಕಿನ ಪವರ್ ಪೂರ್ತಿ ಆಫ್ ಮಾಡಿ, ಖಾಲಿ ಟಿಯ ಪಿನ್ 4 (ಬಿಳಿ) ಮತ್ತು ಪಿನ್ 5 (ನೀಲಿ) ನಡುವೆ ಓಮ್ ಅಳೆಯಿರಿ. ಸುಮಾರು 60 ಬಂದರೆ ಸರಿ. 120 ಬಂದರೆ ಒಂದು ಟರ್ಮಿನೇಟರ್ ಇಲ್ಲ, ಅಥವಾ ಬ್ಯಾಕ್‌ಬೋನ್ ಎಲ್ಲೋ ಕಡಿದಿದೆ. 40 ಬಂದರೆ ಮೂರು ಟರ್ಮಿನೇಟರ್ ಸೇರಿವೆ. ಸೊನ್ನೆಗೆ ಹತ್ತಿರವಾದರೆ ಶಾರ್ಟ್, ಬಹುಪಾಲು ನೀರು ಸೇರಿದ ಕನೆಕ್ಟರ್. ಚಿಕ್ಕ ನೆಟ್‌ವರ್ಕ್ ಒಂದೇ ಟರ್ಮಿನೇಟರ್‌ನಲ್ಲೂ ಹೇಗೋ ನಡೆದುಬಿಡುತ್ತದೆ, ಆದ್ದರಿಂದ "ಇಷ್ಟು ದಿನ ನಡೆಯುತ್ತಿತ್ತಲ್ಲ" ಎನ್ನುವ ಮಾತನ್ನು ನಂಬಬೇಡಿ. ಪವರ್ ಆನ್ ಮಾಡಿದ ಮೇಲೆ ಪಿನ್ 2 (ಕೆಂಪು) ಮತ್ತು 3ರ (ಕಪ್ಪು) ನಡುವೆ ಪವರ್‌ನಿಂದ ಅತಿ ದೂರದ ತುದಿಯಲ್ಲೇ ವೋಲ್ಟೇಜ್ ನೋಡಿ. ಶೀಲ್ಡ್, ಅಂದರೆ ಪಿನ್ 1, ಪವರ್ ಕೊಡುವ ಜಾಗದಲ್ಲಿ ಮಾತ್ರ ಗ್ರೌಂಡ್‌ಗೆ. ಎರಡು ಕಡೆ ತಗುಲಿಸಿದರೆ ವಿಎಚ್‌ಎಫ್‌ನಲ್ಲಿ ಗೊರಗೊರ ಶುರುವಾಗಬಹುದು.

ವೈರ್ ತಿರುಚಿ ಟೇಪ್ ಸುತ್ತುವ ಜೋಡಣೆ ಕಡಲಿಗೆ ಆಗುವುದಿಲ್ಲ. ಟಿನ್ ಲೇಪಿಸಿದ ತಾಮ್ರದ ವೈರ್, ಕ್ರಿಂಪ್, ಮೇಲೆ ಅಂಟು ಇರುವ ಹೀಟ್‌ಶ್ರಿಂಕ್ ಬಳಸಿ. ಟಿ ಕನೆಕ್ಟರ್‌ಗಳು ಬಿಲ್ಜ್‌ನಲ್ಲಿ (ಬೋಟಿನ ತಳದಲ್ಲಿ ನೀರು ನಿಲ್ಲುವ ಜಾಗ) ಬೇಡ. ದಿಕ್ಕಿನ ಸೆನ್ಸರನ್ನು ಸ್ಪೀಕರ್, ಕಬ್ಬಿಣ, ದಪ್ಪ ಬ್ಯಾಟರಿ ಕೇಬಲ್‌ಗಳಿಂದ ಒಂದು ಮೀಟರ್‌ಗಿಂತ ದೂರ ಇಡಿ. ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಬೋಟು ದಡದಲ್ಲಿರುತ್ತದೆ, ಮಾಸ್ಟ್ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಓಮ್ ಪರೀಕ್ಷೆ ಮಾತ್ರ ಇಂದೇ ಮಾಡಿ.

ಪ್ರಶ್ನೆ: ಫಿಶ್ ಫೈಂಡರ್‌ನ ಚಿತ್ರವನ್ನು ಇದೇ ಕೇಬಲ್‌ನಿಂದ ಎರಡನೆಯ ಸ್ಕ್ರೀನ್‌ಗೆ ಕೊಡಬಹುದೇ?

ಉತ್ತರ: ಆಗದು. ಈ ಕೇಬಲ್ ಸೆಕೆಂಡಿಗೆ 250 ಕಿಲೋಬಿಟ್ ಮಾತ್ರ ಒಯ್ಯುತ್ತದೆ. ಆಳ, ನೀರಿನ ಉಷ್ಣತೆಯ ಅಂಕಿ ಬರುತ್ತದೆ, ಎಕೋ ಚಿತ್ರ ಬರುವುದಿಲ್ಲ. ಚಿತ್ರಕ್ಕೆ ಮತ್ತು ಈಗಿನ ರಾಡಾರ್‌ಗಳಿಗೆ ಈಥರ್‌ನೆಟ್ ಬೇಕು, ಅದೂ ಸಾಮಾನ್ಯವಾಗಿ ಒಂದೇ ಕಂಪನಿಯ ಸ್ಕ್ರೀನ್‌ಗಳ ನಡುವೆಯೇ ನಡೆಯುತ್ತದೆ.

ಪ್ರಶ್ನೆ: ಹಳೆಯ ವಿಎಚ್‌ಎಫ್‌ನಲ್ಲಿ ಎನ್‌ಎಂಇಎ 0183 (2000ಕ್ಕಿಂತ ಹಳೆಯ ಪದ್ಧತಿ) ವೈರ್ ಮಾತ್ರ ಇದೆ. ಹೊಸ ಪ್ಲಾಟರ್‌ನಿಂದ ಸ್ಥಾನ ಸಿಗುತ್ತದೆಯೇ?

ಉತ್ತರ: ಪ್ಲಾಟರ್‌ನಲ್ಲಿ 0183 ಔಟ್‌ಪುಟ್ ಇದ್ದರೆ ಸಿಗುತ್ತದೆ, ಇಲ್ಲದಿದ್ದರೆ ನಡುವೆ ಗೇಟ್‌ವೇ (2000ದ ಮಾಹಿತಿಯನ್ನು 0183ಕ್ಕೆ ಬದಲಿಸುವ ಸಾಧನ) ಬೇಕು. ಪ್ಲಾಟರ್‌ನ ಟಿಎಕ್ಸ್ (ಕಳುಹಿಸುವ) ವೈರ್ ವಿಎಚ್‌ಎಫ್‌ನ ಆರ್‌ಎಕ್ಸ್‌ಗೆ (ಸ್ವೀಕರಿಸುವ ವೈರ್‌ಗೆ) ಹೋಗಬೇಕು. ವೈರ್ ಬಣ್ಣ ಒಂದೊಂದು ಕಂಪನಿಯಲ್ಲಿ ಒಂದೊಂದು, ಪುಸ್ತಕ ನೋಡದೆ ಜೋಡಿಸಬೇಡಿ. ಎರಡೂ ಕಡೆ ವೇಗ ಸೆಕೆಂಡಿಗೆ 4800 ಬಿಟ್ ಇರಲಿ. 38400 ಎಐಎಸ್‌ಗೆ ಮೀಸಲು. ಎರಡು ಸಾಧನಗಳ ಟಿಎಕ್ಸ್ ಒಟ್ಟಿಗೆ ಸೇರಿಸಿದರೆ ಯಾವುದೂ ಕೇಳಿಸುವುದಿಲ್ಲ, ಅದಕ್ಕೆ ಮಲ್ಟಿಪ್ಲೆಕ್ಸರ್ (ಹಲವು ಸಾಧನಗಳ ಮಾಹಿತಿಯನ್ನು ಒಂದೇ ವೈರಿಗೆ ಸೇರಿಸುವ ಪೆಟ್ಟಿಗೆ) ಬೇಕು. ಜೋಡಣೆ ಸರಿಯಾದರೆ ವಿಎಚ್‌ಎಫ್ ಪರದೆಯಲ್ಲೇ ಅಕ್ಷಾಂಶ, ರೇಖಾಂಶ ಕಾಣುತ್ತದೆ. ಕೆಂಪು ಡಿಸ್ಟ್ರೆಸ್ ಗುಂಡಿ ಒತ್ತಿ ಪರೀಕ್ಷಿಸಬೇಡಿ, ಅದು ನಿಜವಾದ ಅಪಾಯದ ಕರೆಯಾಗಿಯೇ ಹೊರಡುತ್ತದೆ.