ನಲಾಕ್ಸೋನ್ ಕೊಟ್ಟು ಎಚ್ಚರ ಆದ ಮೇಲೆ ನರ್ಸ್‌ಗೆ ಏನು ಕೆಲಸ?

"ಓವರ್‌ಡೋಸ್ ಪೇಷೆಂಟ್ ಎಚ್ಚರ ಆದಮೇಲೆ ಉಳಿದದ್ದನ್ನ ಡಾಕ್ಟರ್, ಸೈಕಿಯಾಟ್ರಿ, ಸೋಶಿಯಲ್ ವರ್ಕರ್ ನೋಡ್ಕೊಳ್ತಾರೆ ಅಲ್ವಾ?" ಅಂತ ಕೇಳಿದ್ದೀರಿ. "ಅಡಿಕ್ಟ್‌ಗಳಿಗೆ ಜಾಸ್ತಿ ಟೈಮ್ ಕೊಡಬೇಡ" ಅಂತ ಸೀನಿಯರ್ ಹೇಳಿದ್ದನ್ನೂ ಬರೆದಿದ್ದೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಅದಕ್ಕೇ ಆರು ತಿಂಗಳು ನನ್ನನ್ನು ಕ್ಯಾಶುಯಲ್ಟಿಯಿಂದ ಹೊರಗೆ ಹಾಕಿದ್ದರು.

ಆಗ ಬೆಂಗಳೂರಿನ ಒಂದು ಪ್ರೈವೇಟ್ ಆಸ್ಪತ್ರೆಯಲ್ಲಿದ್ದೆ, ಹೆಸರು ಬೇಡ. ನೈಟ್ ಡ್ಯೂಟಿ. ಹನ್ನೊಂದೂವರೆಗೆ ಅರವತ್ತರ ಆಸುಪಾಸಿನ ಒಬ್ಬರನ್ನು ಆಟೋದಲ್ಲಿ ಕರೆತಂದರು. ಪ್ರಾಸ್ಟೇಟ್ ಕ್ಯಾನ್ಸರ್, ಬೆನ್ನುಮೂಳೆಗೆ ಹರಡಿತ್ತು. ಕೂಗಿದರೂ ಏಳುತ್ತಿಲ್ಲ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ನಿಮಿಷಕ್ಕೆ ಆರು ಉಸಿರು. ಮನೆಯಲ್ಲಿ ಮಾರ್ಫಿನ್ ಮಾತ್ರೆ ಕೊಡ್ತೀವಿ ಅಂತ ಹೆಂಡತಿ ಹೇಳಿದ ಕೂಡಲೇ ವಿಷಯ ಗೊತ್ತಾಯಿತು. ಕೈಯಿಂದ ಉಸಿರು ತುಂಬೋ ಆಂಬು ಬ್ಯಾಗ್ ಒತ್ತುತ್ತಾ ನಿಂತೆ. ಡ್ಯೂಟಿ ಡಾಕ್ಟರ್, ಮಾರ್ಫಿನ್ ಥರದ ಔಷಧಿಗಳ ಕೆಲಸ ತಡೆಯೋ ನಲಾಕ್ಸೋನ್ ಇಂಜೆಕ್ಷನ್ನಿನ 400 ಮೈಕ್ರೋಗ್ರಾಂ ಆಂಪೂಲ್ ಪೂರ್ತಿ ಒಂದೇ ಸಲ ಹಾಕಿಸಿದರು. ಎರಡು ನಿಮಿಷದಲ್ಲಿ ಯಜಮಾನರು ಕಣ್ಣು ಬಿಟ್ಟರು. ಬಿಟ್ಟವರೇ ನೋವಿಗೆ ಕಿರುಚಿದರು. ಮಾರ್ಫಿನ್‌ನ ಕೆಲಸವನ್ನೆಲ್ಲ ಒಂದೇ ಏಟಿಗೆ ಕಿತ್ತುಕೊಂಡರೆ ಇನ್ನೇನಾಗುತ್ತೆ? ನೋವಿಗೆ ದಿನಾ ಮಾರ್ಫಿನ್ ತಗೊಳ್ಳುವವರಿಗೆ ಆ ಆಂಪೂಲನ್ನು ಸಲೈನ್ ಸೇರಿಸಿ 10 ಎಂಎಲ್ ಮಾಡಿ, ಒಂದೊಂದೇ ಎಂಎಲ್ ಕೊಡುತ್ತಾ ಉಸಿರು ಎಣಿಸಬೇಕು ಅಂತ ಆಮೇಲೆ ಕಲಿತೆ. ಎದ್ದು ಕೂರಬೇಕಾಗಿಲ್ಲ, ಸರಿಯಾಗಿ ಉಸಿರಾಡಿದರೆ ಸಾಕು.

ಅದಿರಲಿ, ನನ್ನ ತಪ್ಪಿಗೆ ಬರುತ್ತೇನೆ.

ಹೆಂಡತಿಯನ್ನು ನಾನು ಕೇಳಿದ್ದು ಇಷ್ಟೇ: "ಅಮ್ಮಾ, ಮಾತ್ರೆ ಎಷ್ಟು ತಗೊಂಡ್ರು?" ಅವರು ಸ್ಟ್ರಿಪ್ ಕೊಟ್ಟರು. ಎಣಿಸಿದೆ. ಲೆಕ್ಕ ಸರಿಯಿತ್ತು, ಒಂದೂ ಜಾಸ್ತಿ ಹೋಗಿರಲಿಲ್ಲ. "ಬೇರೆ ಮಾತ್ರೆ?" ಅಂದೆ. "ಇಲ್ಲ ಸಿಸ್ಟರ್" ಅಂದರು. ಕಿಡ್ನಿ ವೀಕ್ ಆಗಿ ಮಾರ್ಫಿನ್ ಮೈಯಲ್ಲೇ ಉಳಿದುಕೊಂಡಿರಬಹುದು ಅಂದರು ಡಾಕ್ಟರ್. ಹಾಗೆ ಆಗುವುದೂ ಉಂಟು. ಹಾಗಾಗಿ ನಾನೂ ಒಪ್ಪಿಕೊಂಡೆ. ಎಚ್ಚರವಾಗಿದ್ದಾರೆ, ಮಾತಾಡ್ತಿದ್ದಾರೆ ಅಂತ ಕೇಸ್ ಶೀಟ್‌ನಲ್ಲಿ ಬರೆದೆ. ಆಕ್ಸಿಜನ್ ಹಾಕಿ, ಮಾನಿಟರ್‌ನಲ್ಲಿ ರಕ್ತದ ಆಕ್ಸಿಜನ್ 97 ನೋಡಿ, ಎದೆನೋವು ಅಂತ ಬಂದಿದ್ದ ಇನ್ನೊಬ್ಬರ ಹತ್ತಿರ ಓಡಿದೆ.

ಸುಮಾರು ಐವತ್ತು ನಿಮಿಷ ಆಗಿರಬೇಕು. ಬೆಡ್‌ಶೀಟ್ ಬದಲಾಯಿಸಲು ಹೋಗಿದ್ದ ಆಯಾ ಬಂದು, "ಸಿಸ್ಟರ್, ಐದನೇ ಬೆಡ್ ಅಜ್ಜ ಗೊರಕೆ ಹೊಡೀತಾ ಹೊಡೀತಾ ಸುಮ್ನಾಗಿಬಿಡ್ತಾರೆ. ಬೆನ್ನ ಮೇಲೆ ಅದೇನೋ ಸ್ಟಿಕ್ಕರ್ ಬೇರೆ ಇದೆ" ಅಂದರು. ಹೋಗಿ ಮಗ್ಗುಲಿಗೆ ತಿರುಗಿಸಿದೆ. ಹೆಗಲ ಹತ್ತಿರ ಎರಡು ಫೆಂಟನಿಲ್ ಪ್ಯಾಚ್, ಅಂದರೆ ಮಾರ್ಫಿನ್ ಜಾತಿಯದೇ ನೋವಿನ ಔಷಧಿಯನ್ನು ಚರ್ಮದ ಮೂಲಕ ಮೈಗೆ ಇಳಿಸೋ ಪಟ್ಟಿ. ತೆಳ್ಳಗೆ, ಗಾಜಿನ ಹಾಗೆ ಪಾರದರ್ಶಕ, ದೊಡ್ಡ ಅಂಚೆಚೀಟಿಯಷ್ಟು. ಒಂದರ ಅಂಚಿನಲ್ಲಿ ಬನಿಯನ್ ನೂಲು ಅಂಟಿಕೊಂಡು ಕಪ್ಪಾಗಿತ್ತು. ಸುತ್ತ ಚರ್ಮ ಕೆಂಪಗಿತ್ತು.

"ಅದು ನೋವಿನ ಪ್ಲಾಸ್ಟರ್ ಅಲ್ವಾ ಸಿಸ್ಟರ್? ಹಳೇದು ಇನ್ನೂ ಗಟ್ಟಿಯಾಗೇ ಅಂಟಿತ್ತು, ಯಾಕೆ ವೇಸ್ಟ್ ಮಾಡೋದು ಅಂತ ಬಿಟ್ಟೆ. ಹೊಸದನ್ನೂ ಹಚ್ಚಿದೆ. ಬೆನ್ನು ನೋವು ಅಂದ್ರು, ಮೇಲೆ ಬಿಸಿನೀರಿನ ಬ್ಯಾಗ್ ಇಟ್ಟೆ" ಅಂದರು ಹೆಂಡತಿ.

ನೋಡಿ, ಇದನ್ನು ನಾನು ನೂರು ಸಲ ಯೋಚಿಸಿದ್ದೇನೆ. ಆ ತಾಯಿ ಸುಳ್ಳು ಹೇಳಲಿಲ್ಲ. ನಾನು ಮಾತ್ರೆ ಕೇಳಿದೆ, ಅವರು ಮಾತ್ರೆಯ ಲೆಕ್ಕ ಕೊಟ್ಟರು. ಅವರ ಮನೆಯಲ್ಲಿ ಔಷಧಿ ಅಂದರೆ ನುಂಗೋದು, ಇಲ್ಲ ಚುಚ್ಚೋದು. ಅಂಟಿಸೋದು ಪ್ಲಾಸ್ಟರ್. "ಮೈಗೆ ಏನಾದರೂ ಹಚ್ಚಿದ್ದೀರಾ, ಅಂಟಿಸಿದ್ದೀರಾ?" ಅಂತ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳದಿದ್ದರೂ ಪರವಾಗಿಲ್ಲ, ಅವರ ಕೈಯಲ್ಲಿದ್ದ ಪ್ಲಾಸ್ಟಿಕ್ ಕವರ್‌ನಲ್ಲಿ ಹಳೇ ಚೀಟಿಯೆಲ್ಲ ಇತ್ತು, ಬಿಚ್ಚಿ ನೋಡಬಹುದಿತ್ತು. ಅದೂ ಬೇಡ, ಶರ್ಟ್ ಬಿಚ್ಚಿ ಒಂದು ಸಲ ಬೆನ್ನು ನೋಡಬಹುದಿತ್ತು. ಮೂರರಲ್ಲಿ ಒಂದನ್ನೂ ಮಾಡಲಿಲ್ಲ. ಪೇಷೆಂಟ್ ಎದ್ದು ಮಾತಾಡಿದ್ದೇ ತಡ, ಹುಡುಕೋದನ್ನು ನಿಲ್ಲಿಸಿಬಿಟ್ಟೆ.

ನಲಾಕ್ಸೋನ್ ಕೆಲಸ ಮಾಡೋದು 30ರಿಂದ 90 ನಿಮಿಷ. ಫೆಂಟನಿಲ್ ಪ್ಯಾಚ್ 72 ಗಂಟೆಗೆ ಅಂತ ಮಾಡಿದ್ದು. ಬಿಸಿ ತಾಗಿದರೆ ಔಷಧಿ ಇನ್ನೂ ಬೇಗ ಇಳಿಯುತ್ತೆ. ಕಿತ್ತು ಹಾಕಿದರೂ ಚರ್ಮದೊಳಗೆ ನಿಂತಿದ್ದು ಗಂಟೆಗಟ್ಟಲೆ ರಕ್ತಕ್ಕೆ ಸೇರುತ್ತಲೇ ಇರುತ್ತೆ. ಎಷ್ಟು ಹೊತ್ತು ನೋಡಬೇಕು ಅಂತಲೂ ಕೇಳಿದ್ದೀರಿ. ಪ್ಯಾಚ್ ಆದರೆ ತೆಗೆದ ಮೇಲೂ ಕಡಿಮೆ ಅಂದರೆ 24 ಗಂಟೆ. ಮತ್ತೆ ಆ 97 ನಂಬಬೇಡಿ. ಆಕ್ಸಿಜನ್ ಹೋಗ್ತಾ ಇದ್ದರೆ ಉಸಿರು ಕಮ್ಮಿಯಾದರೂ ಅದು ಬೇಗ ಇಳಿಯಲ್ಲ. ಎದೆ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. ನಾನು ಎಣಿಸಿದಾಗ ಐದಿತ್ತು.

ಅಷ್ಟರಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗಿತ್ತು. ಟ್ಯೂಬ್ ಹಾಕಿದರು, ನಾಲ್ಕು ದಿನ ವೆಂಟಿಲೇಟರ್. ಬದುಕಿದರು, ಮನೆಗೂ ಹೋದರು. ನನಗೆ ಮೆಮೋ ಬಂತು.

ಇನ್ನು "ಉಳಿದವರು ನೋಡ್ಕೊಳ್ತಾರೆ" ಅನ್ನೋ ನಿಮ್ಮ ಮಾತು. ನನಗೆ ಅದು ಒಪ್ಪಿಗೆಯಿಲ್ಲ. ಆ ರಾತ್ರಿ ಫಾರ್ಮಸಿಸ್ಟ್ ಫೋನಿನಲ್ಲಿ, ಪ್ಯಾಚ್ ತೆಗೆದರೆ ಮುಗೀತು ಅಂದ್ಕೋಬೇಡಿ, ನಲಾಕ್ಸೋನ್ ಡ್ರಿಪ್ ಬೇಕಾಗಬಹುದು ಅಂದರು. ಯಜಮಾನರು ಚೇತರಿಸಿಕೊಂಡ ಮೇಲೆ ಸೈಕಿಯಾಟ್ರಿ ಡಾಕ್ಟರ್ ಪರದೆ ಎಳೆದು, ಅವರೊಬ್ಬರನ್ನೇ ಮಾತಾಡಿಸಿದರು. ಸಾಯಬೇಕು ಅಂತ ಮಾಡಿಕೊಂಡದ್ದಾ ಅಂತ ನಮ್ಮಲ್ಲಿ ಯಾರಿಗೂ ಕೇಳಲು ತೋಚಿರಲಿಲ್ಲ. ಅಲ್ಲ ಅಂತ ಗೊತ್ತಾಯಿತು. ದೊಡ್ಡ ಕಾಯಿಲೆಯವರ ನೋವು, ನರಳಾಟ ನೋಡಿಕೊಳ್ಳೋ ಪ್ಯಾಲಿಯೇಟಿವ್ ಟೀಮ್ ನೋವಿನ ಔಷಧಿ ಹೊಸದಾಗಿ ಹೊಂದಿಸಿತು. ಆದರೆ ಇವರೆಲ್ಲ ಬರೋದು ಯಾರೋ ಕರೆದಾಗ. ಬೆಡ್ ಪಕ್ಕ ಇರೋದು ನೀವು, ಕರೆಯೋದೂ ನೀವೇ. ಡಿಸ್ಚಾರ್ಜ್ ದಿನ ನಾನು ಆ ತಾಯಿಗೆ ಹೇಳಿಕೊಟ್ಟದ್ದು ಒಂದೇ: ಮನೆಯ ಕ್ಯಾಲೆಂಡರ್‌ನಲ್ಲಿ ಮೂರು ದಿನಕ್ಕೊಮ್ಮೆ ಗುರುತು ಹಾಕಿ, ಹಳೇದನ್ನು ತೆಗೆದು, ಅಂಟು ಒಳಗೆ ಬರೋ ಹಾಗೆ ಮಡಚಿದ ಮೇಲೇ ಹೊಸದು. "ಏಕಾದಶಿ ಗುರುತು ಹಾಕ್ತೀನಲ್ಲ, ಹಾಗೇ ತಾನೇ?" ಅಂದರು.

ನಿಮ್ಮ ಸೀನಿಯರ್‌ಗೆ ಹೇಳಿ, ನಮ್ಮ ಯಜಮಾನರು ಅಡಿಕ್ಟ್ ಆಗಿರಲಿಲ್ಲ. ಟಪೆಂಟಡಾಲ್ ಅನ್ನೋ ನೋವಿನ ಮಾತ್ರೆ ಕರಗಿಸಿ ಚುಚ್ಚಿಕೊಂಡು ಬರುವ ಹುಡುಗರಾದರೂ ನಾನು ಬೆನ್ನು, ಕೈ, ಜೇಬು ಎಲ್ಲ ನೋಡ್ತೀನಿ. ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸ್, ಅಂದ ಕೂಡಲೇ ಕರೆತಂದ ಫ್ರೆಂಡ್ಸ್ ಮಾಯ ಆಗ್ತಾರೆ, ಅದಕ್ಕೇ ಏನು, ಯಾವಾಗ ಅಂತ ಬಾಗಿಲಲ್ಲೇ ಕೇಳಿಬಿಡ್ತೀನಿ. ಎದ್ದ ಹುಡುಗ ಮೈಕೈ ನೋವು, ಬೆವರು, ಮನೆಗೆ ಬಿಡಿ ಅಂತ ಗಲಾಟೆ ಮಾಡ್ತಾನೆ. ಸಹಿ ಹಾಕಿಸಿ ಕಳಿಸಿದರೆ ಅವನು ಹೋಗಿ ಮತ್ತೆ ಚುಚ್ಚಿಕೊಳ್ತಾನೆ. ಅಲ್ಲೇ ಕೂರಿಸಿ ಸೈಕಿಯಾಟ್ರಿ ಕರೆಸಿ. ನಿಮ್ಮಲ್ಲಿ ಇಲ್ಲದಿದ್ದರೆ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಅಂತ ಬೇರೆ ವಿಭಾಗ ಇದೆ.

ಮೆಮೋಗೆ ಕೊಟ್ಟ ಉತ್ತರದಲ್ಲಿ ಪ್ಯಾಚ್ ಕಂಡುಹಿಡಿದದ್ದು ಆಯಾ ಅಂತ ಅವರ ಹೆಸರು ಬರೆದಿದ್ದೆ. ನರ್ಸಿಂಗ್ ಸೂಪರಿಂಟೆಂಡೆಂಟ್ ಆ ಸಾಲು ಹೊಡೆದು ಹಾಕಿ, "ಸಿಬ್ಬಂದಿ ಗಮನಿಸಿದರು" ಅಂತ ಬರೆಸಿದರು.