ಊರಿನ ಮನರಂಜನಾ ಕೇಂದ್ರಕ್ಕೆ ಮೊದಲು ಬೇಕಾದ್ದು ನೆರಳು

ತುಮಕೂರು ಕಡೆಯ ನಿಮ್ಮೂರಲ್ಲಿ ಅರ್ಧ ಎಕರೆ ಸಿಕ್ಕಿದೆ, ಎಸಿ ಹಾಕಿಸದೆ, ಬೋರ್‌ವೆಲ್ ನೆಚ್ಚಿಕೊಳ್ಳದೆ ಮನರಂಜನಾ ಕೇಂದ್ರ, ಸುತ್ತ ಒಂದಿಷ್ಟು ಹಸಿರು ಮಾಡುವುದು ಹೇಗೆ ಅಂತ ಕೇಳಿದ್ದೀರಿ. ಇಂಥದ್ದೇ ಒಂದು ಕೆಲಸದಲ್ಲಿ ಎಂಜಿನಿಯರಾಗಿದ್ದೆ. ಪೆಟ್ಟು ತಿಂದು ಕಲಿತದ್ದನ್ನೇ ಹೇಳುತ್ತೇನೆ.

ನಕ್ಷೆ ಬರೆಸುವ ಮೊದಲೇ ಪಡುವಣ ಬದಿಗೆ ಹೊಂಗೆ, ಬೇವು ನೆಡಿ. ತಮಾಷೆಯಲ್ಲ, ಕಟ್ಟಡ ವರ್ಷದಲ್ಲಿ ಏಳುತ್ತದೆ, ನೆರಳು ಏಳುವುದಿಲ್ಲ. ಹೊಂಗೆ ಎಲೆ ಉದುರಿಸಿದರೂ ಬಿಸಿಲು ಏರುವಷ್ಟರಲ್ಲಿ ಚಿಗುರಿರುತ್ತದೆ. ನಾವು ಉದ್ಘಾಟನೆಗೆ ಚೆಂದ ಕಾಣಲೆಂದು ಲಾನ್ ಹಾಸಿದೆವು. ಎರಡನೇ ಬೇಸಿಗೆಗೆ ಟ್ಯಾಂಕರ್ ತರಿಸಿದೆವು, ಮೂರನೆಯದಕ್ಕೆ ಲಾನೇ ಇರಲಿಲ್ಲ. ಈಗ ಅಲ್ಲಿ ತಾನಾಗಿ ಬಂದ ಗರಿಕೆ ಇದೆ, ಆಡುವ ಮಕ್ಕಳಿಗೆ ಅದೇ ಸಾಕಾಗಿದೆ.

ಕಟ್ಟಡದಲ್ಲಿ ಚಾವಣಿಗೇ ಹೆಚ್ಚು ತಲೆ ಕೆಡಿಸಿಕೊಳ್ಳಿ. ಏಪ್ರಿಲ್ ಕೊನೆಗೆ ನಮ್ಮಲ್ಲಿ ಸೂರ್ಯ ನಡುನೆತ್ತಿಗೇ ಬರುತ್ತಾನೆ. ತಗಡಿನ ಶೆಡ್ ಅಗ್ಗ ಅನ್ನುವವರನ್ನು ಮಧ್ಯಾಹ್ನ ಎರಡು ಗಂಟೆಗೆ ಅಂಥದ್ದೊಂದರೊಳಗೆ ಕೂರಿಸಿ ನೋಡಿ! ಮಂಗಳೂರು ಹೆಂಚು, ಮೂರಡಿ ಚಾಚಿದ ಸೂರು, ಬಿಸಿಗಾಳಿ ಹೊರಹೋಗಲು ಗೋಡೆಯ ಮೇಲ್ಭಾಗದಲ್ಲಿ ಜಾಲರಿ, ಇಷ್ಟಿದ್ದರೆ ಫ್ಯಾನಿನಲ್ಲೇ ನಡೆಯುತ್ತದೆ.

ಗೋಡೆಗೆ ಒತ್ತಿದ ಮಣ್ಣಿನ ಇಟ್ಟಿಗೆ ಬಳಸಿದೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದವರು ಇದರ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಕೆಮ್ಮಣ್ಣು, ಮರಳಿಗೆ ಶೇ. 7-8ರಷ್ಟು ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತುವುದು, ಸುಡುವ ಗೋಜಿಲ್ಲ. ಬರೀ ಎರೆಮಣ್ಣಾದರೆ ಆಸೆ ಬಿಡಿ, ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತದೆ. ನಮ್ಮ ಮೇಸ್ತ್ರಿ ಮೊದಲ ಕಂತಿಗೆ ಮೂರೇ ದಿನ ನೀರು ಹಾಕಿ ಸುಮ್ಮನಾದ. ಉಗುರಿನಲ್ಲಿ ಕೆರೆದರೆ ಮೂಲೆ ಉದುರುತ್ತಿತ್ತು. ಅಷ್ಟನ್ನೂ ಪಕ್ಕಕ್ಕಿಟ್ಟು, ಮುಂದಿನವಕ್ಕೆ ಗೋಣಿಚೀಲ ಹೊದಿಸಿ ಮೂರು ವಾರ ತೇವ ಆರದಂತೆ ಕಾದೆವು.

ನೀರಿನ ಲೆಕ್ಕ ಸುಲಭ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಅಂದರೆ ಒಂದು ಲೀಟರ್. 200 ಚದರ ಮೀಟರ್ ಚಾವಣಿ, ವರ್ಷಕ್ಕೆ 600 ಮಿ.ಮೀ. ಮಳೆ ಅಂದುಕೊಂಡು, ಐದರಲ್ಲೊಂದು ಪಾಲು ಪೋಲಾದರೂ 96,000 ಲೀಟರ್ ಕೈಗೆ ಬರುತ್ತದೆ. ಅಷ್ಟನ್ನೂ ಹಿಡಿಯುವ ಸಂಪು ಕಟ್ಟಿ ದುಡ್ಡು ಸುರಿಯಬೇಡಿ. 20,000 ಲೀಟರಿನದು ಸಾಕು, ಉಕ್ಕಿದ್ದು ಮರಗಳ ಬುಡದ ಇಂಗುಗುಂಡಿಗೆ ಹೋಗಲಿ.

ಸ್ಟೀಲ್ ಬೆಂಚು ತರಿಸಬೇಡಿ, ಬಿಸಿಲಿಗೆ ಕಾದು ಯಾರೂ ಕೂರುವುದಿಲ್ಲ. ನಮ್ಮಲ್ಲಿ ಎಲ್ಲರೂ ಕೂರುವುದು ಜಗುಲಿಯ ಮೇಲೆ. ಕೇರಂ ಬೋರ್ಡು ಕೂಡ ಒಳಗಿನಿಂದ ಅಲ್ಲಿಗೇ ಬಂದುಬಿಟ್ಟಿದೆ. ಹಾಲ್ ಚಿಕ್ಕದಾದರೂ ಸರಿ, ಜಗುಲಿ ಅಗಲ ಇರಲಿ.

ನಿಮ್ಮ ಜಾಗದಲ್ಲಿ ಎರಡಡಿ ಅಗೆದರೆ ಕೆಮ್ಮಣ್ಣು ಬರುತ್ತದೋ ಎರೆಯೋ ತಿಳಿಸಿ, ಪಾಯದ ಬಗ್ಗೆ ಆಮೇಲೆ ಬರೆಯುತ್ತೇನೆ.