ಗಣಕ ಪ್ರಶ್ನೋತ್ತರ: ವಿಂಡೋಸ್ 10 ಮುಗಿದ ಮೇಲೆ ಯಾವ ದಾರಿ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತನ್ನು ಕೇಳಿವೆ: ವಿಂಡೋಸ್, ಲಿನಕ್ಸ್, ಮ್ಯಾಕ್, ಕಂಪ್ಯೂಟರ್ ನಡೆಸುವ ಈ ಕಾರ್ಯಾಚರಣಾ ವ್ಯವಸ್ಥೆಗಳಲ್ಲಿ ಯಾವುದು ಭದ್ರ, ಯಾವುದು ಬಳಸಲು ಸಲೀಸು? ನಾಲ್ಕು ಪತ್ರಗಳಿಗೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ಇಳಕಲ್‌ನಲ್ಲಿ ನಮ್ಮದು ಸೀರೆ ಅಂಗಡಿ. ಬಿಲ್ಲು, ಜಿಎಸ್‌ಟಿ ಲೆಕ್ಕ ಎಲ್ಲ ಟ್ಯಾಲಿ ಪ್ರೈಮ್‌ನಲ್ಲಿ. ಪತ್ರ, ದರಪಟ್ಟಿ ‘ನುಡಿ’ ತಂತ್ರಾಂಶದಲ್ಲಿ. ಕಂಪ್ಯೂಟರ್ ಐ3-4130, 4 ಜಿಬಿ ರ‍್ಯಾಮ್, ವಿಂಡೋಸ್ 10. ಬೆಂಬಲ ಮುಗಿದಿದೆ ಎಂದು ಪರದೆಯ ಮೇಲೆ ಬರುತ್ತಿದೆ. ಲಿನಕ್ಸ್ ಹಾಕಿಸಿದರೆ ವೈರಸ್ಸೇ ಬರುವುದಿಲ್ಲವಂತೆ. ಹಾಕಿಸಬಹುದೇ?

ಉತ್ತರ: ಟ್ಯಾಲಿ ನಡೆಯುವ ಕಂಪ್ಯೂಟರಿಗೆ ಬೇಡ. ಟ್ಯಾಲಿ ಪ್ರೈಮ್ ವಿಂಡೋಸ್‌ಗೆಂದೇ ಮಾಡಿದ ತಂತ್ರಾಂಶ. ಲಿನಕ್ಸ್‌ನಲ್ಲಿ ಅದನ್ನು ಹೇಗೋ ಓಡಿಸಲು ಹೆಣಗಬಹುದು, ಆದರೆ ಮಾರ್ಚ್ ಕೊನೆಯ ವಾರ ಅದು ಕೈಕೊಟ್ಟರೆ ಯಾರನ್ನು ಕೇಳುತ್ತೀರಿ?

ಪರದೆಯ ಮೇಲಿನ ಸೂಚನೆ ಸುಳ್ಳಲ್ಲ. ವಿಂಡೋಸ್ 10ಕ್ಕೆ ಉಚಿತ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹಾಗೆಂದು ಕಂಪ್ಯೂಟರ್ ನಿಂತುಹೋಗುವುದಿಲ್ಲ; ಅಪಾಯ ಇರುವುದೂ ಅಲ್ಲಿಯೇ. ವಿಂಡೋಸ್ 11ಕ್ಕೆ ಪ್ರತಿ ತಿಂಗಳು ಬರುವ ತೇಪೆಯನ್ನು (ದೋಷ ಸರಿಪಡಿಸುವ ಅಪ್‌ಡೇಟನ್ನು) ಬಿಡಿಸಿ ನೋಡಿದರೆ ಯಾವ ತೂತು ಮುಚ್ಚಿದ್ದಾರೆಂದು ಕಳ್ಳರಿಗೆ ತಿಳಿಯುತ್ತದೆ. ಎಷ್ಟೋ ಸಲ ಅದೇ ತೂತು ವಿಂಡೋಸ್ 10ರಲ್ಲೂ ಇರುತ್ತದೆ, ಅಲ್ಲಿ ಮುಚ್ಚುವವರಿಲ್ಲ. 2017ರ ವಾನಾಕ್ರೈ ದಾಳಿಯಲ್ಲಿ ಆದದ್ದೂ ಇಂಥದೇ. ತೇಪೆ ಮಾರ್ಚ್‌ನಲ್ಲೇ ಬಂದಿತ್ತು, ದಾಳಿ ನಡೆದದ್ದು ಮೇ 12ರಂದು. ಎರಡು ತಿಂಗಳು ಅಪ್‌ಡೇಟ್ ಹಾಕದೆ ಬಿಟ್ಟವರ ಕಡತಗಳಿಗೆ ಬೀಗ ಬಿತ್ತು.

ತಾತ್ಕಾಲಿಕ ಉಪಾಯ ಒಂದಿದೆ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ‘ಎನ್‌ರೋಲ್ ನೌ’ ಕಂಡರೆ ಅದನ್ನು ಒತ್ತಿ ಹೆಚ್ಚುವರಿ ಭದ್ರತಾ ಅಪ್‌ಡೇಟಿಗೆ ಹೆಸರು ನೋಂದಾಯಿಸಿ. ಇದಕ್ಕೆ ನಿಮ್ಮ ವಿಂಡೋಸ್ 10, 22ಎಚ್2 ಆವೃತ್ತಿಯದಾಗಿರಬೇಕು, ಮೈಕ್ರೋಸಾಫ್ಟ್ ಖಾತೆಯೂ ಬೇಕು. ಈ ಯೋಜನೆಯ ಗಡುವು 2026ರ ಅಕ್ಟೋಬರ್ 13. ಅಷ್ಟರೊಳಗೆ ಕಂಪ್ಯೂಟರ್ ಬದಲಿಸಬೇಕು, ಏಕೆಂದರೆ ನಿಮ್ಮದು ವಿಂಡೋಸ್ 11ಕ್ಕೆ ಒಪ್ಪುವುದಿಲ್ಲ. ಐ3-4130 ಎಂಬಲ್ಲಿ ಅಡ್ಡಗೆರೆಯ ನಂತರದ 4 ಎಂದರೆ ನಾಲ್ಕನೇ ಪೀಳಿಗೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ಪೀಳಿಗೆ ಅಥವಾ ಮುಂದಿನದು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಐ5-8500 ನಡೆಯುತ್ತದೆ, ಐ5-10400 ಕೂಡ. ಸೆಕೆಂಡ್‌ಹ್ಯಾಂಡ್ ಕೊಳ್ಳುವುದಾದರೆ ‘ಐ5 ಇದೆ’ ಎಂಬ ಮಾತಿಗೆ ಮರುಳಾಗಬೇಡಿ, ಪೂರ್ತಿ ಸಂಖ್ಯೆ ಕೇಳಿ. 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಅಂಗಡಿಗೆ ಸಾಕು. ಹಳೆಯ ಕಂಪ್ಯೂಟರಿಗೇ ತಪಾಸಣೆ ತಪ್ಪಿಸಿ ವಿಂಡೋಸ್ 11 ಹಾಕಿಕೊಡುವವರಿದ್ದಾರೆ. ಅಂಥದಕ್ಕೆ ಮುಂದೆ ಅಪ್‌ಡೇಟ್ ಬಂದೇ ಬರುತ್ತದೆಂಬ ಖಾತರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಲೆಕ್ಕದ ಕಂಪ್ಯೂಟರಿಗೆ ಅದು ಸಲ್ಲದು.

ಹೊಸದು ಬಂದ ದಿನ ಎರಡು ಕೆಲಸ ಮಾಡಿ. ಒಂದು, ದಿನಬಳಕೆಗೆ ‘ಸ್ಟ್ಯಾಂಡರ್ಡ್’ ಖಾತೆ ತೆರೆಯಿರಿ. ವಿಂಡೋಸ್‌ನಲ್ಲಿ ಮೊದಲು ತೆರೆಯುವ ಖಾತೆ ಅಡ್ಮಿನಿಸ್ಟ್ರೇಟರ್ ಆಗಿರುತ್ತದೆ. ಅದರಲ್ಲೇ ಕೂತು ಕೆಲಸ ಮಾಡಿದರೆ ಹುಡುಗರು ‘ಯೆಸ್’ ಒತ್ತಿದ್ದೆಲ್ಲ ಒಳಗೆ ಬರುತ್ತದೆ. ಸ್ಟ್ಯಾಂಡರ್ಡ್ ಖಾತೆಯಲ್ಲಾದರೆ ಪಾಸ್‌ವರ್ಡ್ ಕೇಳುತ್ತದೆ, ಆ ಪಾಸ್‌ವರ್ಡ್ ನಿಮ್ಮೊಬ್ಬರ ಬಳಿಯೇ ಇರಲಿ. ಎರಡು, ಟ್ಯಾಲಿಯಲ್ಲಿ ಆಲ್ಟ್ ಮತ್ತು ವೈ ಒತ್ತಿ ಬ್ಯಾಕಪ್ ತೆಗೆದು ಹೊರಗಿನ ಡಿಸ್ಕ್‌ಗೆ ಹಾಕಿ, ಡಿಸ್ಕನ್ನು ಕಳಚಿಡಿ. ಚುಚ್ಚಿಕೊಂಡೇ ಇದ್ದರೆ ಕಡತಕ್ಕೆ ಬೀಗ ಹಾಕುವ ವೈರಸ್ ಬ್ಯಾಕಪ್ಪಿಗೂ ಹಾಕುತ್ತದೆ.

ಹಳೆಯದನ್ನು ಗುಜರಿಗೆ ಹಾಕಬೇಡಿ. ಅದಕ್ಕೆ ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿಸಿ ಇಮೇಲ್, ಇಂಟರ್ನೆಟ್ಟಿಗೆ ಬಳಸಿ. 4 ಜಿಬಿ ರ‍್ಯಾಮ್ ಸಾಲುತ್ತದೆ, ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ಕನ್ನಡ ಟೈಪಿಸಲು ಐಬಸ್-ಎಂ17ಎನ್ ಎಂಬ ತಂತ್ರಾಂಶ ಹಾಕಿ ‘ಕೆಜಿಪಿ’ ವಿನ್ಯಾಸ ಆರಿಸಿ, ನುಡಿ ಕೀಲಿಮಣೆಗೆ ಪಳಗಿದ ಬೆರಳಿಗೆ ಅದು ಒಗ್ಗುತ್ತದೆ. ಆದರೆ ಹಳೆಯ ನುಡಿ ಆಸ್ಕಿ ಫಾಂಟಿನ ದರಪಟ್ಟಿಗಳು ಆ ಫಾಂಟ್ ಇಲ್ಲದ ಕಡೆ ಗೋಜಲಾಗಿ ಕಾಣುತ್ತವೆ. ವಿಂಡೋಸ್ ಇರುವಾಗಲೇ ಅವನ್ನು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ನೋಡಿಬಿಡಿ.

ಪ್ರಶ್ನೆ: ವಿಜಯಪುರದಾಗ ನಂದು ಝೆರಾಕ್ಸ್ ಅಂಗಡಿ ಐತ್ರೀ. ಗಿರಾಕಿ ಪೆನ್‌ಡ್ರೈವ್ ಹಾಕಿದ್ರ ಫೈಲ್ ಎಲ್ಲಾ ಮಾಯ ಆಗಿ ಬರೇ ಶಾರ್ಟ್‌ಕಟ್ ಕಾಣ್ತಾವು. ಆ್ಯಂಟಿವೈರಸ್ ಹಾಕಿ ಹಾಕಿ ಸಾಕಾಗೇತಿ. ಏನ್ ಮಾಡ್ಲಿ?

ಉತ್ತರ: ಫೈಲುಗಳು ಹೋಗಿರುವುದಿಲ್ಲ, ಅಡಗಿರುತ್ತವೆ. ಈ ವೈರಸ್ ಪೆನ್‌ಡ್ರೈವ್‌ನಲ್ಲಿದ್ದುದನ್ನೆಲ್ಲ ಕಾಣದ ಫೋಲ್ಡರಿಗೆ ನೂಕಿ, ಹೊರಗೆ ಒಂದು ಶಾರ್ಟ್‌ಕಟ್ ಇಡುತ್ತದೆ. ಅದನ್ನು ಒತ್ತಿದಾಗ ಮೊದಲು ವೈರಸ್ ಓಡುತ್ತದೆ, ಆಮೇಲೆ ಆ ಫೋಲ್ಡರ್ ತೆರೆಯುತ್ತದೆ. ಫೈಲ್ ಸಿಕ್ಕಿತಲ್ಲ ಎಂದು ಗಿರಾಕಿ ಸುಮ್ಮನಾಗುತ್ತಾರೆ. ಅಷ್ಟರಲ್ಲಿ ನಿಮ್ಮ ಕಂಪ್ಯೂಟರ್ ಮುಂದಿನ ಪೆನ್‌ಡ್ರೈವಿಗೆ ಅಂಟಿಸಲು ಕಾದಿರುತ್ತದೆ.

ಆದ್ದರಿಂದ ಶಾರ್ಟ್‌ಕಟ್ ಒತ್ತಲೇಬೇಡಿ. ಫೈಲ್ ಎಕ್ಸ್‌ಪ್ಲೋರರ್‌ನ ಫೋಲ್ಡರ್ ಆಪ್ಷನ್ಸ್ ತೆರೆದು ವ್ಯೂ ಪಟ್ಟಿಯಲ್ಲಿ ಮೂರು ಬದಲಾವಣೆ ಮಾಡಿ: ಅಡಗಿದ ಫೈಲುಗಳನ್ನು ತೋರಿಸು ಎಂಬುದನ್ನು ಆರಿಸಿ, ಸಿಸ್ಟಂ ಫೈಲುಗಳನ್ನು ಅಡಗಿಸು ಎಂಬ ಗುರುತು ತೆಗೆಯಿರಿ, ಎಕ್ಸ್‌ಟೆನ್ಷನ್ ಅಡಗಿಸು ಎಂಬುದನ್ನೂ ತೆಗೆಯಿರಿ. ಆಗ ಹೆಸರಿಲ್ಲದ ಮಸುಕು ಫೋಲ್ಡರ್ ಕಾಣಿಸಬಹುದು, ಫೈಲುಗಳು ಅದರಲ್ಲಿರುತ್ತವೆ. ಫೋಟೋದ ಹೆಸರಿಗೆ ಕೊನೆಯಲ್ಲಿ ‘ಡಾಟ್ ಇಎಕ್ಸ್‌ಇ’ ಅಂಟಿದ್ದರೆ ಅದು ಫೋಟೋ ಅಲ್ಲ.

ಇದಕ್ಕಿಂತ ಗಟ್ಟಿ ದಾರಿ ಎಂದರೆ ಪೆನ್‌ಡ್ರೈವ್ ಪಡೆಯಲಿಕ್ಕೇ ಒಂದು ಲಿನಕ್ಸ್ ಮಿಂಟ್ ಕಂಪ್ಯೂಟರ್ ಇಡುವುದು. ವಿಂಡೋಸ್‌ಗೆಂದು ಬರೆದ ಶಾರ್ಟ್‌ಕಟ್ಟು, ಸ್ಕ್ರಿಪ್ಟು ಅಲ್ಲಿ ಒತ್ತಿದರೂ ಓಡುವುದಿಲ್ಲ. ಆದರೆ ಅದು ಪೆನ್‌ಡ್ರೈವನ್ನು ತೊಳೆದುಕೊಡುವುದಿಲ್ಲ. ಬೇಕಾದ ಪಿಡಿಎಫ್, ಫೋಟೋ ಮಾತ್ರ ತೆಗೆದುಕೊಳ್ಳಿ. ಮಿಂಟ್‌ನ ಲಾಗಿನ್ ವಿಂಡೋ ಸೆಟ್ಟಿಂಗ್‌ನಲ್ಲಿ ‘ಗೆಸ್ಟ್ ಸೆಷನ್’ ಇದೆ. ಅದರಲ್ಲಿ ಕೆಲಸ ಮಾಡಿ ಲಾಗೌಟ್ ಆದರೆ ಇಳಿಸಿಕೊಂಡದ್ದೆಲ್ಲ ಅಳಿಯುತ್ತದೆ. ಗಿರಾಕಿಗಳ ಆಧಾರ್, ಮಾರ್ಕ್ಸ್‌ಕಾರ್ಡ್ ಡೌನ್‌ಲೋಡ್ ಫೋಲ್ಡರಿನಲ್ಲಿ ವರ್ಷಗಟ್ಟಲೆ ಬಿದ್ದಿರುವುದು ವೈರಸ್ಸಿಗಿಂತ ಕಡಿಮೆ ಅಪಾಯವಲ್ಲ, ದಯವಿಟ್ಟು ಇದನ್ನು ಮಾಡಿ.

ತೊಡಕು ಬರುವುದು ಪ್ರಿಂಟರಿನಲ್ಲಿ. ಕ್ಯಾನನ್ ಎಲ್‌ಬಿಪಿ 2900ರಂಥ ಮಾದರಿಗೆ ಲಿನಕ್ಸ್‌ನಲ್ಲಿ ಬೇರೆ ಡ್ರೈವರ್ ಹುಡುಕಿ ಹಾಕಬೇಕು, ಹಾಕಿದರೂ ತಂಟೆ ಮಾಡುತ್ತದೆ. ಮಿಂಟನ್ನು ಪೆನ್‌ಡ್ರೈವ್‌ನಿಂದಲೇ ಓಡಿಸಿ, ಡಿಸ್ಕಿಗೆ ಹಾಕುವ ಮೊದಲೇ ನಿಮ್ಮ ಪ್ರಿಂಟರಿನಲ್ಲಿ ಒಂದು ಪುಟ ತೆಗೆದು ನೋಡಿ. ಕೋರೆಲ್‌ಡ್ರಾ, ಪೇಜ್‌ಮೇಕರ್, ಫೋಟೋಶಾಪ್‌ಗಳಿಗೆ ಲಿನಕ್ಸ್ ಆವೃತ್ತಿ ಇಲ್ಲ, ಆ ಕೆಲಸಕ್ಕೆ ವಿಂಡೋಸ್ ಇರಲಿ. ಲಿನಕ್ಸಿಗೂ ಅಪ್‌ಡೇಟ್ ತಪ್ಪಿಸಬೇಡಿ. 2024ರ ಮಾರ್ಚ್‌ನಲ್ಲಿ ಅದರ ‘ಎಕ್ಸ್‌ಝೆಡ್’ ಎಂಬ ಸಣ್ಣ ಭಾಗದೊಳಗೆ ಯಾರೋ ಕಳ್ಳಬಾಗಿಲು ಇಟ್ಟಿದ್ದು ಬಯಲಾಯಿತು. ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾದದ್ದನ್ನು ಆಂಡ್ರೆಸ್ ಫ್ರೂಂಡ್ ಎಂಬ ಎಂಜಿನಿಯರ್ ಗಮನಿಸಿದ್ದರಿಂದ ಅದು ಸಿಕ್ಕಿಬಿತ್ತು.

ಪ್ರಶ್ನೆ: ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಜೊತೆಗೆ ಉಬುಂಟು ಎಂಬ ಲಿನಕ್ಸ್ ಹಾಕಬೇಕು. ಗೆಳೆಯನ ಲ್ಯಾಪ್‌ಟಾಪ್ ಹಾಗೆ ಮಾಡಿದ ಮೇಲೆ 48 ಅಂಕಿಯ ಕೀ ಕೇಳುತ್ತಿದೆ, ಗಡಿಯಾರವೂ ತಪ್ಪು ತೋರಿಸುತ್ತದೆ.

ಉತ್ತರ: ಆ ಕೀ ಡಿಸ್ಕಿನ ಗೂಢಲಿಪೀಕರಣದ್ದು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಅದು ತಾನಾಗಿಯೇ ಶುರುವಾಗಿರುತ್ತದೆ. ಬೂಟ್ ಆಗುವ ರೀತಿ ಬದಲಾದದ್ದು ಕಂಡರೆ ಟಿಪಿಎಂ ಬೀಗ ತೆರೆಯುವುದಿಲ್ಲ. ಕೀ ಸಾಮಾನ್ಯವಾಗಿ ಆ ಮೈಕ್ರೋಸಾಫ್ಟ್ ಖಾತೆಯಲ್ಲೇ ಇರುತ್ತದೆ, ಗೆಳೆಯನಿಗೆ ಅಲ್ಲಿ ನೋಡಲು ಹೇಳಿ. ನೀವು ಮೊದಲೇ ಅದನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಕೀ ಕಳೆದರೆ ಡಿಸ್ಕಿನಲ್ಲಿರುವುದು ಕಳೆದಂತೆ.

ನಂತರ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವನ್ನು ‘ಶ್ರಿಂಕ್’ ಮಾಡಿ. ಅಲ್ಲಿ ಎಂಬಿ ಲೆಕ್ಕ ಕೇಳುತ್ತದೆ, 80 ಜಿಬಿಗೆ 81920 ಎಂದು ಬರೆಯಿರಿ. ಪವರ್ ಆಯ್ಕೆಗಳಲ್ಲಿ ‘ಫಾಸ್ಟ್ ಸ್ಟಾರ್ಟಪ್’ ತೆಗೆಯಿರಿ. ಅದು ಇದ್ದರೆ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳದೆ ಡಿಸ್ಕನ್ನು ಹಿಡಿದುಕೊಂಡೇ ಇರುತ್ತದೆ, ಉಬುಂಟುವಿನಿಂದ ಆ ಭಾಗಕ್ಕೆ ಬರೆಯಲಾಗುವುದಿಲ್ಲ. ಕಂಪ್ಯೂಟರ್ ಶುರುವಾಗುವಾಗ ಕಾವಲು ಕಾಯುವ ‘ಸೆಕ್ಯೂರ್ ಬೂಟ್’ ತೆಗೆಯುವ ಅಗತ್ಯವಿಲ್ಲ.

ಗೆಳೆಯನ ವಿಂಡೋಸ್ ಸರಿಯಾಗಿ ಐದೂವರೆ ಗಂಟೆ ಹಿಂದೆ ತೋರಿಸುತ್ತಿರಬೇಕು. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಸಮಯ ಬರೆಯುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಎಂದು ಓದುತ್ತದೆ. ಉಬುಂಟು ಟರ್ಮಿನಲ್‌ನಲ್ಲಿ ‘timedatectl set-local-rtc 1’ ಆದೇಶ ಕೊಟ್ಟರೆ ಸರಿಹೋಗುತ್ತದೆ.

ಸಿ, ಪೈಥಾನ್ ಕಲಿಯುವುದಷ್ಟೇ ಆದರೆ ಇಷ್ಟೆಲ್ಲ ಬೇಕಿಲ್ಲ. ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಸೌಲಭ್ಯ ಹಾಕಿ ಉಬುಂಟು ನಡೆಸಿ. ಮೊದಲ ಎರಡು ವರ್ಷಕ್ಕೆ ನಮ್ಮ ಸಲಹೆ ಅದೇ.

ಪ್ರಶ್ನೆ: ಮುಧೋಳದಲ್ಲಿ ಮಗಳು ಬಿ.ಕಾಂ. ಓದುತ್ತಿದ್ದಾಳೆ. ಪರಿಚಯದವರೊಬ್ಬರು ಹಳೆಯ ಮ್ಯಾಕ್‌ಬುಕ್ ಕಡಿಮೆಗೆ ಕೊಡುತ್ತೇನೆ ಎನ್ನುತ್ತಾರೆ. ಮ್ಯಾಕ್ ಭದ್ರವಂತೆ. ಕೊಳ್ಳಲೇ?

ಉತ್ತರ: ಭದ್ರ ಹೌದು, ಬಳಸಲೂ ಸಲೀಸು. ಆದರೆ ಬಿ.ಕಾಂ. ಓದುವವರಿಗೆ ಟ್ಯಾಲಿ ಬೇಕಾಗುತ್ತದೆ, ಮ್ಯಾಕ್‌ಗೆ ಅದರ ಆವೃತ್ತಿ ಇಲ್ಲ. ಟ್ಯಾಲಿ ಅಭ್ಯಾಸ ಕಾಲೇಜಿನ ಲ್ಯಾಬ್‌ನಲ್ಲೇ ಆಗುವಂತಿದ್ದರೆ ಮಾತ್ರ ಮುಂದುವರಿಯಿರಿ. ಆಪಲ್ ಗುರುತು ಒತ್ತಿ ‘ಅಬೌಟ್ ದಿಸ್ ಮ್ಯಾಕ್’ ತೆರೆಯಿರಿ. ‘ಪ್ರೊಸೆಸರ್’ ಎಂದಿದ್ದು ಮುಂದೆ ಇಂಟೆಲ್ ಹೆಸರಿದ್ದರೆ ಬೇಡ. ಇಂಟೆಲ್ ಮ್ಯಾಕ್‌ಗಳಿಗೆ ಮ್ಯಾಕ್ಓಎಸ್ 26 ಕೊನೆಯ ಆವೃತ್ತಿ ಎಂದು ಆಪಲ್ 2025ರ ಜೂನ್‌ನಲ್ಲೇ ಹೇಳಿದೆ. ‘ಚಿಪ್’ ಎಂದಿದ್ದು ಎಂ1 ಅಥವಾ ಮುಂದಿನದಿದ್ದರೆ ಯೋಚಿಸಬಹುದು. ಎಂ1ರಿಂದೀಚಿನ ಮ್ಯಾಕ್‌ಬುಕ್‌ಗಳಲ್ಲಿ ರ‍್ಯಾಮ್ ಆಮೇಲೆ ಹೆಚ್ಚಿಸಲಾಗದು, ಕೊಳ್ಳುವಾಗಲೇ ಕನಿಷ್ಠ 8 ಜಿಬಿ ನೋಡಿಕೊಳ್ಳಿ. ಹಣ ಕೊಡುವ ಮುನ್ನ ಅವರು ನಿಮ್ಮೆದುರೇ ಐಕ್ಲೌಡ್‌ನಿಂದ ಸೈನ್ ಔಟ್ ಆಗಿ, ಎಲ್ಲ ಅಳಿಸಿ, ಹೊಸದಾಗಿ ಶುರು ಮಾಡಿ ತೋರಿಸಲಿ. ಅವರ ಖಾತೆಯ ಬೀಗ ಉಳಿದುಬಿಟ್ಟರೆ ಅವರ ಪಾಸ್‌ವರ್ಡ್ ಇಲ್ಲದೆ ಮಗಳು ಅದನ್ನು ಬಳಸಲಾಗುವುದಿಲ್ಲ.